ಮಗಳಿಗೊಂದು ಪತ್ರ: ಉಂಡಿ ಡಬ್ಬಿಯ ಜೊತೆಗೆ

ಬಾಗಲಕೋಟೆ,
ಶ್ರಾವಣ ಶುದ್ಧ ಷಷ್ಠಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಪಂಚಮಿ ಉಂಡಿಯ ಡಬ್ಬಿ ಕಳಿಸಿದ್ದೇನೆ. ಒಳಗೆ 24 ಉಂಡಿ ಇವೆ: ಶೇಂಗಾದ್ದು 12, ಎಳ್ಳಿನದು 8, ಲಡಕಿ 4. "ಡಯಟ್ ಮಾಡಾಕತ್ತೀನಿ, ಏನೂ ಕಳಸಬ್ಯಾಡ" ಅಂದಿದ್ದಿ. ಡಯಟ್ ಮಾಡವ್ವಾ, ಬ್ಯಾಡ ಅನ್ನುವುದಿಲ್ಲ. ಆದರೆ ಪಂಚಮಿಗೆ ಒಂದು ಉಂಡಿಯನ್ನೂ ಮುಟ್ಟಗೊಡದ ಡಯಟ್ ದೀಪಾವಳಿತನಕ ನಡೆಯುವುದಿಲ್ಲ. ಉಂಡಿ ತಿಂದೂ ಮೈ ಹಗುರ ಇರಬೇಕೆಂದರೆ ಲೆಕ್ಕ ಗೊತ್ತಿರಬೇಕು. ಅದನ್ನು ಬರೆಯುತ್ತೇನೆ, ಓದಿದ ಮೇಲೆ ಮುಚ್ಚಳ ತೆಗಿ.

ಕಾಲು ಕಿಲೋ ಶೇಂಗಾಕ್ಕೆ 150 ಗ್ರಾಂ ಬೆಲ್ಲ ಹಾಕಿ 20 ಉಂಡಿ ಕಟ್ಟಿದರೆ ಒಂದೊಂದು 20 ಗ್ರಾಂ ತೂಗುತ್ತದೆ. ಅದರಲ್ಲಿ ಬೆಲ್ಲ ಏಳೂವರೆ ಗ್ರಾಂ, ಪ್ರೋಟೀನು ಮೂರು ಗ್ರಾಂ, ಒಟ್ಟು 100 ಕ್ಯಾಲೊರಿ ಆಸುಪಾಸು. 40 ಗ್ರಾಂ ಹಿಟ್ಟಿನಿಂದ ಬಡಿದ ಒಂದು ಜೋಳದ ರೊಟ್ಟಿ 140ರ ಹತ್ತಿರ. ಅಂದರೆ ಎರಡು ಉಂಡಿ ಒಂದೂವರೆ ರೊಟ್ಟಿಗೆ ಸಮ. ಎಳ್ಳಿನದೂ ಹೆಚ್ಚುಕಡಿಮೆ ಇದೇ ಲೆಕ್ಕ. ಲಡಕಿಯದೇ ಬೇರೆ ಜಾತಿ. ಕಡಲೆಹಿಟ್ಟಿನ ಸೇವು ಕರಿದು, ಮುರಿದು, ಬೆಲ್ಲದ ಪಾಕದಲ್ಲಿ ಕಟ್ಟುವುದರಿಂದ ಎಣ್ಣೆ ಒಂದು ಕಡೆ, ಪಾಕ ಇನ್ನೊಂದು ಕಡೆ; ಗಾತ್ರವೂ ದೊಡ್ಡದು. ಅದಕ್ಕೇ ನಾಲ್ಕೇ ಇಟ್ಟಿದ್ದೇನೆ.

ಡಬ್ಬಿ ಮುಟ್ಟಿದ ಸಂಜೆಯೇ ಅರ್ಧ ಹಂಚಿಬಿಡು. ಹಬ್ಬದ ದಿನ ನಾಲ್ಕು ಉಂಡಿ ಹೆಚ್ಚಿಗೆ ತಿಂದವರ ತೂಕ ಆ ನಾಲ್ಕರಿಂದ ಏರುವುದಿಲ್ಲ. ಹಬ್ಬ ಮುಗಿದ ಮೇಲೆ ಮೂರು ವಾರ ಕೈಗೆ ಸಿಗುವ ಡಬ್ಬಿಯಿಂದ ಏರುತ್ತದೆ. ಉಳಿದ 12ನ್ನು ಓದುವ ಮೇಜಿನ ಮೇಲೆ ಇಡಬ್ಯಾಡ, ಕಪಾಟಿನ ಮೇಲಿನ ಅಂಕಣದಲ್ಲಿ ಇಡು. ದಿನಕ್ಕೊಂದು, ಅದೂ ಮಧ್ಯಾಹ್ನ ಊಟದ ಕಡೆಗೆ. ಹೊಟ್ಟೆಯಲ್ಲಿ ರೊಟ್ಟಿ, ಕಾಳುಪಲ್ಯೆ, ಮಜ್ಜಿಗೆ ಇದ್ದಾಗ ಒಂದಕ್ಕೇ ತೃಪ್ತಿ ಆಗುತ್ತದೆ, ರಕ್ತದಲ್ಲಿ ಸಕ್ಕರೆಯೂ ಸಾವಕಾಶ ಏರುತ್ತದೆ. ಸಂಜೆ ಐದಕ್ಕೆ ಬರೀ ಹೊಟ್ಟೆಯಲ್ಲಿ ಚಾದ ಜೊತೆ ಕೂತರೆ ಮೂರು ಉಂಡಿ ಎಲ್ಲಿ ಹೋದವು ಎಂದೇ ತಿಳಿಯುವುದಿಲ್ಲ. ಒದ್ದೆ ಕೈ ಹಾಕಬ್ಯಾಡ. ತೇವ ತಾಗಿದರೆ ಬೆಲ್ಲ ನೀರೊಡೆದು ಬೂಸ್ಟು ಹತ್ತುತ್ತದೆ. ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ, ಚೆಲ್ಲು.

ಬೆಲ್ಲದ್ದು ಅಂದಮಾತ್ರಕ್ಕೆ ಎಷ್ಟು ತಿಂದರೂ ನಡೆಯುತ್ತದೆ ಅನ್ನುವ ಮಾತು ನಂಬಬ್ಯಾಡ. ನಮ್ಮ ಮಹಾಲಿಂಗಪುರದ ಬೆಲ್ಲದ ಮೇಲೆ ನನಗೂ ಅಭಿಮಾನ ಇದೆ. ಆದರೆ ಶಕ್ತಿಯ ಲೆಕ್ಕದಲ್ಲಿ ಅದು ಸಕ್ಕರೆಗಿಂತ ಸ್ವಲ್ಪವೇ ಕಡಿಮೆ. ಅದರಲ್ಲಿನ ಕಬ್ಬಿಣದ ಅಂಶಕ್ಕಾಗಿ ಬೆಲ್ಲ ತಿನ್ನುವವರು ಒಂದು ಹಿಡಿ ರಾಜಗಿರಿ ಸೊಪ್ಪಿನ ಪಲ್ಯೆ ತಿಂದು ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಲಾಭ. ಕೊಳ್ಳುವಾಗ ಕಂದು ಬಣ್ಣದ್ದು ಕೊಳ್ಳು. ಹಳದಿ ಹಳದಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ಗಾಣದಲ್ಲಿ ಹೈಡ್ರೋಸು ಎಂಬ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು.

ನಿನ್ನ ಲೆಕ್ಕದಲ್ಲಿ ನಿಜವಾಗಿ ಕದಿಯುತ್ತಿರುವುದು ಚಾ. ಒಂದು ಚಮಚ ಸಕ್ಕರೆ 5 ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಪ್ಪು ಎಂದರೆ 40 ಗ್ರಾಂ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಂಡಿ ಮುಟ್ಟುವ ಮೊದಲೇ ನೀನು ಆ ಗೆರೆ ದಾಟಿರುತ್ತಿ, ಅದೂ ನಾಲಗೆಗೆ ಹಬ್ಬ ಅನ್ನಿಸದ ಸಕ್ಕರೆಯಿಂದ. ಒಮ್ಮೆಲೇ ಬಿಡಬ್ಯಾಡ, ಬಿಟ್ಟರೆ ನಾಲ್ಕನೇ ದಿನಕ್ಕೆ ತಿರುಗಿ ಎರಡು ಚಮಚಕ್ಕೆ ಬರುತ್ತಿ. ವಾರಕ್ಕೆ ಕಾಲು ಚಮಚ ಇಳಿಸು, ಒಂದು ತಿಂಗಳಲ್ಲಿ ಒಂದೇ ಚಮಚಕ್ಕೆ ನಿಲ್ಲುತ್ತದೆ. ಕಪ್ಪನ್ನೂ ಮೂರಕ್ಕೆ ಇಳಿಸಿದರೆ 15 ಗ್ರಾಂ ಆಯಿತು, ದಿನದ ಉಂಡಿಗೆ ಜಾಗ ತಾನಾಗಿಯೇ ಸಿಕ್ಕಿತು.

ಹೋಳಿಗೆಯ ಲೆಕ್ಕವನ್ನು ನೀನೇ ಹಾಕಬಹುದು. ಒಂದಕ್ಕೆ ಕಡ್ಲಿಬ್ಯಾಳಿ 25 ಗ್ರಾಂ, ಬೆಲ್ಲ 25, ಕಣಕದ ಹಿಟ್ಟು 20, ಎಣ್ಣೆ ಒಂದು ಚಮಚ; ಕೂಡಿಸಿದರೆ 300 ಕ್ಯಾಲೊರಿಯ ಹತ್ತಿರ. ಮೇಲೆ ಎರಡು ಚಮಚ ತುಪ್ಪ ಸುರಿದರೆ ಇನ್ನು 90. ತುಪ್ಪ ಬಿಡಬ್ಯಾಡ, ತುಪ್ಪ ಇಲ್ಲದ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಚಮಚ ಸಾಕು. ಎಲೆಗೆ ಕೂತಾಗ ಮೊದಲು ಕೋಸಂಬರಿ, ಪಲ್ಯೆ. ಆಮೇಲೆ ಹೋಳಿಗೆ ಎರಡು. ಆಮೇಲೆ ಅನ್ನ, ಕಟ್ಟಿನ ಸಾರು. ಅನ್ನ ಎಂದಿನ ಅರ್ಧ. ಹೋಳಿಗೆ ಉಂಡ ದಿನ ಪೂರ್ತಿ ಅನ್ನವನ್ನೂ ಉಣ್ಣುವುದರಿಂದಲೇ ಮಧ್ಯಾಹ್ನ ಅಷ್ಟು ತೂಕಡಿಕೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಒಯ್ಯುವ ಬುತ್ತಿಯನ್ನು ನೆನಪು ಮಾಡಿಕೋ. ಶೇಂಗಾ ಹೋಳಿಗೆಯ ಜೊತೆ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಎಲ್ಲ ಸೇರಿಸಿ ಮಾಡಿದ ಭಜ್ಜಿ, ಹಸಿ ಮೆಂತೆ, ಮೊಸರು. ಸಿಹಿಗೆ ಇಷ್ಟು ಕಾವಲು ಇದ್ದದ್ದು ಸುಮ್ಮನಲ್ಲ. ಮೇಲಾಗಿ ಹೊಲಕ್ಕೆ ನಡೆದು ಹೋಗಿ ನಡೆದು ಬರಬೇಕಿತ್ತು. ಈಗ ಬುತ್ತಿ ಗಾಡಿಯಲ್ಲಿ ಹೋಗುತ್ತದೆ.

ಮಿರ್ಚಿ ಭಜಿ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅಲ್ಲಿಯ ಗೆಳತಿಯರಿಗೆ ಮಾಡಿಕೊಡುತ್ತೇನೆ ಅಂದಿದ್ದಿ. ಭಜಿಯಲ್ಲಿ ಕೆಡುಕು ಕಡಲೆಹಿಟ್ಟಿನದಲ್ಲ, ಅದು ಕುಡಿಯುವ ಎಣ್ಣೆಯದು. ಹೆಚ್ಚು ಕುಡಿಯಲು ಕಾರಣ ಮೂರು. ಒಂದು, ಎಣ್ಣೆ ಸರಿಯಾಗಿ ಕಾದಿರುವುದಿಲ್ಲ. ಹಿಟ್ಟಿನ ಒಂದು ಹನಿ ಬಿಟ್ಟರೆ ತಳ ಮುಟ್ಟಿ ತಕ್ಷಣ ಮೇಲೆ ಬರಬೇಕು. ತಳದಲ್ಲೇ ಕೂತರೆ ಇನ್ನೂ ಕಾಯಲಿ, ಬಿದ್ದ ಕೂಡಲೇ ಕಂದಾದರೆ ಉರಿ ಇಳಿಸು. ಎರಡು, ಸೋಡಾ ಹೆಚ್ಚಾಗಿರುತ್ತದೆ. ಎರಡು ಕಪ್ಪು ಹಿಟ್ಟಿಗೆ ಎರಡು ಬೆರಳಿನ ಚಿಟಿಕೆ ಸಾಕು. ಹೆಚ್ಚಾದರೆ ಭಜಿ ಸ್ಪಂಜಿನಂತೆ ಉಬ್ಬಿ ತೂತುತೂತಾಗುತ್ತದೆ, ಆ ತೂತುಗಳೇ ಎಣ್ಣೆ ಹೀರುತ್ತವೆ. ಮೂರು, ಬಾಣಲೆ ತುಂಬ ಒಮ್ಮೆಲೇ ಬಿಡುವುದು. ಹತ್ತು ಮಿರ್ಚಿ ಕೂಡಿ ಬಿದ್ದರೆ ಕಾದ ಎಣ್ಣೆ ತಣ್ಣಗಾಗಿ ಮೊದಲನೇ ತಪ್ಪೇ ಮರಳಿ ಬರುತ್ತದೆ. ನಾಲ್ಕರಂತೆ ಕರಿ. ತೆಗೆದ ಮೇಲೆ ಪೇಪರಿನ ಮೇಲೆ ರಾಶಿ ಹಾಕಬ್ಯಾಡ, ಜರಡಿಯ ಮೇಲೆ ಬಿಡಿಬಿಡಿಯಾಗಿ ಇಡು. ರಾಶಿಯಲ್ಲಿ ಹಬೆ ಕೂತು ಮೆತ್ತಗಾಗುತ್ತವೆ. ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ, ಉಪ್ಪು, ಹುಣಸೆಹಣ್ಣು ಅರೆದು ಸವರಿದರೆ ಖಾರ ಮೆತ್ತಗಾಗುತ್ತದೆ.

ಮಿರ್ಚಿಗೆ ಜೋಡಿ ಗಿರ್ಮಿಟ್ ಇರಲಿ. ಇಬ್ಬರಿಗೆ ಚುರುಮುರಿ 100 ಗ್ರಾಂ, ಉಳ್ಳಾಗಡ್ಡಿ ಎರಡು, ಟೊಮೆಟೊ ಒಂದು, ಎಣ್ಣೆ ಎರಡೇ ಚಮಚ, ಹುಣಸೆರಸ, ಚೂರು ಬೆಲ್ಲ, ಪುಟಾಣಿ ಹಿಟ್ಟು ಮೂರು ಚಮಚ. ಮಸಾಲೆ ಬಾಡಿಸಿ ಆರಿಸಿದ ಮೇಲೆ ಚುರುಮುರಿ ಹಾಕು. ಬಿಸಿಯಲ್ಲೇ ಹಾಕಿದರೆ ಮುದ್ದೆಯಾಗುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತಂಬರಿ ಧಾರಾಳ. ತಾಟು ತುಂಬಿ ಕಾಣುವುದು ಗಿರ್ಮಿಟ್, ಮಿರ್ಚಿ ಎರಡೇ. ಬರೀ ಮಿರ್ಚಿ ಕೂತು ತಿಂದರೆ ಆರು ಹೋಗುತ್ತವೆ. ಹೊರಗೆ ತಿನ್ನುವಾಗ ರುಚಿಗಿಂತ ಮೊದಲು ಬಾಣಲೆ ನೋಡು. ಎಣ್ಣೆ ಕಪ್ಪಾಗಿ, ದಪ್ಪಗಾಗಿ, ನೊರೆ ಕಟ್ಟುತ್ತಿದ್ದರೆ ಮುಂದಿನ ಗಾಡಿಗೆ ನಡಿ. ಮತ್ತೆಮತ್ತೆ ಕಾಸಿದ ಎಣ್ಣೆಯಲ್ಲಿ ಸೇರುವ ಕೆಟ್ಟ ಅಂಶಕ್ಕೆ 25 ಪ್ರತಿಶತದ ಮಿತಿ ಹಾಕಿ ಸರಕಾರ 2018ರಿಂದ ನಿಯಮ ತಂದಿದೆ. ಗಾಡಿಯ ಮುಂದೆ ಅಳೆಯುವ ಯಂತ್ರ ಇರುವುದಿಲ್ಲ, ಕಣ್ಣು ಮೂಗೇ ಯಂತ್ರ.

ಬೆಳಗಾವಿಯ ಕುಂದಾ ಯಾರಾದರೂ ತಂದುಕೊಟ್ಟರೆ ಬಿಡಬ್ಯಾಡ. ಹಾಲು ಬತ್ತಿಸಿ ಸಕ್ಕರೆ ಕೆಂಪಗಾಗುವತನಕ ಕೈಯಾಡಿಸಿದ ಪದಾರ್ಥ ಅದು, ಎರಡು ಚಮಚದಲ್ಲೇ ಬಾಯಿ ತುಂಬುತ್ತದೆ. ಆದರೆ ತೇವ ಉಳಿದ ಹಾಲಿನ ಸಿಹಿ, ಬ್ಯಾಸಿಗಿಯ ಬಸ್ಸಿನಲ್ಲಿ ರಾತ್ರಿಯೆಲ್ಲ ಬಂದದ್ದಾದರೆ ಹುಳಿ ವಾಸನೆ ನೋಡಿಯೇ ತಿನ್ನು. ಫ್ರಿಜ್ಜಿನಲ್ಲಿ ಇಡು. ಅಂಗಡಿಯಲ್ಲಿ ಬಿಡಿ ಕೊಳ್ಳುವಾಗ ಎಷ್ಟು ದಿನದೊಳಗೆ ತಿನ್ನಬೇಕು ಎಂಬ ತಾರೀಕು ತಟ್ಟೆಯ ಮುಂದೆ ಇದೆಯೇ ನೋಡು; 2020ರ ಅಕ್ಟೋಬರಿನಿಂದ ಅದು ಕಡ್ಡಾಯ.

ಗೋಕಾಕದ್ದಾಗಲಿ ಅಮೀನಗಡದ್ದಾಗಲಿ, ಕರದಂಟು ಬೇರೆ ಲೆಕ್ಕ. ಅಂಟು (ತಿನ್ನುವ ಗೋಂದು), ಉತ್ತತ್ತಿ, ಕೊಬ್ಬರಿ, ಬದಾಮಿ, ಗೋಡಂಬಿ, ಬೆಲ್ಲ, ತುಪ್ಪ. ಬಾಣಂತಿಗೆ ಕೊಡುವ ಶಕ್ತಿಯ ತಿನಿಸು, ಟಿವಿ ಮುಂದೆ ಕೂತವರಿಗೆ ಅಂತ ಹುಟ್ಟಿದ್ದಲ್ಲ. 30 ಗ್ರಾಮಿನ ಒಂದು ತುಂಡು 120ರಿಂದ 150 ಕ್ಯಾಲೊರಿ. ಬೆಳಿಗ್ಗೆ ನಾಷ್ಟಾ ತಪ್ಪುವ ಪರೀಕ್ಷೆಯ ದಿನಗಳಲ್ಲಿ ಒಂದು ತುಂಡು, ಒಂದು ಲೋಟ ಹಾಲು ಚಲೋ ಜೋಡಿ. ನಾಷ್ಟಾ ಮಾಡಿ ಅದರ ಮೇಲೆ ತಿಂದರೆ ಹೆಚ್ಚಾಯಿತು. ಹಲ್ಲಿಗೆ ಅಂಟಿದರೆ ಅಂಟು ಸರಿಯಾಗಿ ಅರಳಿಲ್ಲ ಎಂದು ತಿಳಿ. ತುಪ್ಪ ಸರಿಯಾಗಿ ಕಾಯದಿದ್ದರೆ ಅದು ನಡುವೆ ಕಲ್ಲಾಗಿ ಉಳಿಯುತ್ತದೆ.

ಎರಡು ತಪ್ಪು ಮಾಡಬ್ಯಾಡ. ಸಂಜೆ ಮದುವೆ ಊಟ ಇದೆ ಎಂದು ಮುಂಜಾನೆಯಿಂದ ಉಪವಾಸ ಕೂಡಬ್ಯಾಡ, ಹಸಿದ ಕೈ ಬಡಿಸಿದ್ದನ್ನೆಲ್ಲ ಹೌದು ಅನ್ನುತ್ತದೆ. ಮತ್ತೆ, ಹೆಚ್ಚು ತಿಂದೆ ಎಂದು ಮರುದಿನ ನಿನ್ನನ್ನು ನೀನು ದಂಡಿಸಬ್ಯಾಡ. ಮರುದಿನ ಎಂದಿನ ಊಟ: ಎರಡು ರೊಟ್ಟಿ, ಮಡಕಿಕಾಳಿನ ಪಲ್ಯೆ, ಸವತಿಕಾಯಿ, ಮೊಸರು. ನಿನ್ನ ತೂಕಕ್ಕೆ ಅರ್ಧ ತಾಸು ಬಿರುಸಾಗಿ ನಡೆದರೆ 120 ಕ್ಯಾಲೊರಿ ಹೋಗುತ್ತದೆ, ಒಂದು ಉಂಡಿಯಷ್ಟು. ಹಾಗೆಂದು ಉಂಡಿಗೆ ಬಡ್ಡಿ ಕಟ್ಟಿದಂತೆ ನಡೆಯಬ್ಯಾಡ, ಉಂಡಿ ಇಲ್ಲದ ದಿನವೂ ನಡಿ. ಸೋಮವಾರದ ಉಪವಾಸಕ್ಕೆ ಸಾಬೂದಾನಿ ಖಿಚಡಿ ತಿಂದು ಹಗುರ ಆಯಿತು ಅಂದುಕೊಳ್ಳುವುದೂ ಒಂದು ತಮಾಷೆ. ಬರೀ ಪಿಷ್ಟ, ಅದಕ್ಕೆ ಶೇಂಗಾಪುಡಿ, ಎಣ್ಣೆ, ಆಲೂಗಡ್ಡಿ.

ಅಲ್ಲಿಯೇ ಉಂಡಿ ಕಟ್ಟಬೇಕೆನಿಸಿದರೆ ಮೇಲಿನ ಅಳತೆಯ ಅರ್ಧ ಮಾಡು, ಹತ್ತು ಆಗುತ್ತವೆ. ಶೇಂಗಾ ಆರಿಸು, ಸುಕ್ಕಾದದ್ದು, ಕಪ್ಪಾದದ್ದು, ಬೂಸ್ಟು ಹತ್ತಿದ್ದು ತೆಗೆದುಬಿಡು, ಅದರ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ಸಿಪ್ಪೆ ಸಿಡಿದು ಘಮ್ ಅನ್ನುವತನಕ ಹುರಿ. ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ಕೇರು. ಮಿಕ್ಸರಿನಲ್ಲಿ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ತರಿತರಿ ಪುಡಿ ಮಾಡು, ಕಡೆಯ ಸುತ್ತಿಗೆ ಪುಡಿಬೆಲ್ಲ, ಯಾಲಕ್ಕಿ ಹಾಕು. ಬಿಸಿ ಶೇಂಗಾ ಹಾಕಿದರೆ ಇಲ್ಲವೇ ಒಮ್ಮೆಲೇ ಹೆಚ್ಚು ಹೊತ್ತು ತಿರುಗಿಸಿದರೆ ಎಣ್ಣೆ ಬಿಟ್ಟು ಲೇಹ್ಯ ಆಗುತ್ತದೆ. ಕಟ್ಟಲು ಬರಲಿಲ್ಲ ಎಂದು ಹಾಲು ನೀರು ಚಿಮುಕಿಸಬ್ಯಾಡ, ಮೂರು ದಿನಕ್ಕೆ ಕೆಡುತ್ತದೆ. ಇನ್ನೊಂದು ಸುತ್ತು ತಿರುಗಿಸು, ತಾನೇ ಹಿಡಿದುಕೊಳ್ಳುತ್ತದೆ. ಲಿಂಬಿಹಣ್ಣಿಗಿಂತ ದೊಡ್ಡದು ಕಟ್ಟಬ್ಯಾಡ.

ಇದೆಲ್ಲ ನಿನ್ನಂಥ ಗಟ್ಟಿಮುಟ್ಟು ಹುಡುಗಿಯ ಲೆಕ್ಕ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವ ನಿನ್ನ ಅಜ್ಜನಿಗೆ ಇದನ್ನು ಓದಿ ಹೇಳಬ್ಯಾಡ, "ದಿನಕ್ಕೊಂದು ಅಂತ ನಿಮ್ಮವ್ವನೇ ಬರದಾಳ" ಅಂತ ಹಟ ಹಿಡಿದಾರು.

ಡಬ್ಬಿ ಖಾಲಿಯಾದ ಮೇಲೆ ತೊಳೆದು, ಬಿಸಿಲಿಗೆ ಇಟ್ಟು ಒಣಗಿಸು. ದೀಪಾವಳಿಗೆ ಬರುವಾಗ ಮರೆಯದೆ ತಾ, ಚಕ್ಕುಲಿಗೆ ಅದೇ ಡಬ್ಬಿ ಬೇಕು.

ನಿನ್ನ
ಅವ್ವ