ಎಂಟು ತೋಳ ಬೇಡ, ಒಂದು ಪ್ರಾಣಿ ಸಾಕು

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕೂತು ಆಡುವ ಕಥೆಯಾಟಗಳನ್ನು ಕನ್ನಡಕ್ಕೆ ತಂದರೆ ಮಕ್ಕಳು ಮೊಬೈಲ್ ಬಿಟ್ಟಾರು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಮಾತಿಗೆ ನನ್ನ ದನಿಯೂ ಸೇರಲಿ. ತೀರ್ಥಹಳ್ಳಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಮಳೆಗಾಲದ ಭಾನುವಾರಗಳಲ್ಲಿ ಮಗಳಿಗೂ ಅವಳ ಜೊತೆಯವರಿಗೂ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡಿಸುತ್ತೇನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು, ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಅನುವಾದಕ್ಕೆ ಹೊರಟವರಲ್ಲಿ ನನ್ನದೊಂದು ವಿನಂತಿ: ಮಂತ್ರ ಹಾಕಿ ಕರೆಸಿಕೊಳ್ಳುವ ಪ್ರಾಣಿಗಳ ನಿಯಮವನ್ನು ಇದ್ದ ಹಾಗೇ ಇಳಿಸಬೇಡಿ.

ಈ ಆಟದ ಮೂಲ ನಿಯಮಗಳ ಪಠ್ಯ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂತು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅನುವಾದಿಸಿ ಅಚ್ಚು ಹಾಕಿಸಬಹುದು. ಆದರೆ ಅದರಲ್ಲಿರುವುದು 2014ರ ನಿಯಮ. ಅದರ ಪ್ರಕಾರ ಮೂರನೇ ಹಂತದ ಒಂದು ಮಂತ್ರಕ್ಕೆ ಬಲವಾದ ಪ್ರಾಣಿ ಒಂದು ಬರಬಹುದು, ಇಲ್ಲವೇ ಸಣ್ಣವು ಎಂಟು ಬರಬಹುದು. ಎಂಟು ಸಿಗುವಾಗ ಒಂದನ್ನು ಯಾವ ಮಗು ಕೇಳುತ್ತದೆ?

ನಮ್ಮಲ್ಲಿ ಒಬ್ಬ ಹುಡುಗ ಎಂಟು ತೋಳ ಕೇಳಿದ. ನಮ್ಮ ಕಾಡಲ್ಲಿ ತೋಳ ಎಲ್ಲಿಂದ ಬರಬೇಕು, ಸೀಳುನಾಯಿ ಅಂದುಕೋ ಎಂದೆ, ಲೆಕ್ಕವೆಲ್ಲ ತೋಳದ್ದೇ. ಶತ್ರುವಿನ ಪಕ್ಕದಲ್ಲಿ ಜೊತೆಯ ತೋಳ ಇದ್ದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಎಂಟಕ್ಕೂ ಸೇರಿ ಒಂದು ಸುತ್ತಿಗೆ ಹದಿನಾರು ಸಲ ಉರುಳಿಸಬೇಕಾಯಿತು. ಕಚ್ಚಿದ್ದಕ್ಕೆಲ್ಲ ಪೆಟ್ಟು ಎಷ್ಟೆಂದು ತಿಳಿಯಲು ನಾಲ್ಕು ಮುಖದ ದಾಳ ಎರಡು ಹಾಕಿ, ಮೇಲೆ ಎರಡು ಕೂಡಿಸಬೇಕು. ಕಚ್ಚಿಸಿಕೊಂಡವನು ನೆಲಕ್ಕೆ ಬಿದ್ದನೇ ಎಂದು ನೋಡಲು ಪ್ರತಿ ಸಲವೂ ಮತ್ತೊಂದು ದಾಳ. ಇತ್ತ ಕಳ್ಳಿಯ ಪಾತ್ರದ ಹುಡುಗಿ ಬಾಗಿಲ ಹಿಂದೆ ಕತ್ತಿ ಹಿಡಿದು ತನ್ನ ಸರದಿಗೆ ಕಾಯುತ್ತಲೇ ಇದ್ದಳು. ಹಲಸಿನ ಹಪ್ಪಳದ ತಟ್ಟೆ ಖಾಲಿಯಾಯಿತು. ಅವಳು ಬ್ಯಾಗಿನಿಂದ ಮೊಬೈಲ್ ತೆಗೆದಳು. ಏನನ್ನು ಬಿಡಿಸಬೇಕೆಂದು ಮಕ್ಕಳನ್ನು ಕೂರಿಸಿದ್ದೆನೋ ಅದೇ ಮತ್ತೆ ಕೈಗೆ ಬಂತು.

ಆಟ ಮಾಡಿದವರಿಗೂ ಇದು ತಿಳಿಯದ್ದಲ್ಲ. 2020ರ ಪುಸ್ತಕದಲ್ಲಿ ಬೇರೆ ಬಗೆಯ ಮಂತ್ರಗಳನ್ನು ಕೊಟ್ಟರು. ಅಲ್ಲಿ ಬರುವುದು ಒಂದೇ ಜೀವ. ಮಂತ್ರದ ಹಂತ ಏರಿದಂತೆ ಅದರ ಬಲವೂ ಏರುತ್ತದೆ, ಕರೆದವರ ಸರದಿ ಮುಗಿದ ಕೂಡಲೇ ಅದರ ಸರದಿ, ಆಜ್ಞೆ ಇಲ್ಲದಿದ್ದರೆ ಏಟು ತಪ್ಪಿಸಿಕೊಳ್ಳುತ್ತ ನಿಲ್ಲುತ್ತದೆ. ನನಗೆ ತೀರಾ ಹಿಡಿಸಿದ ನಿಯಮ. ಆದರೆ ಆ ಪುಸ್ತಕ 2023ರ ಮುಕ್ತ ಪಠ್ಯದಲ್ಲಿ ಸೇರಿಲ್ಲ. 2024ರ ಪರಿಷ್ಕರಣೆ ಇನ್ನೊಂದು ದಾರಿ ಹಿಡಿಯಿತು: ಪ್ರಾಣಿಗಳ ಹಿಂಡು ಈಗ ನೆರಳಿನಂಥ ಒಂದು ಗುಂಪು, ಹತ್ತಿರ ಬಂದವರಿಗೆ ಪೆಟ್ಟು ಕೊಡುತ್ತ ಸರಿಯುತ್ತದೆ. ಸಮಯ ಉಳಿಯಿತು, ನಿಜ. ಆದರೆ ಹೆಸರಿಡಲು, ಮೈ ಸವರಲು, ಗಾಯಕ್ಕೆ ಮದ್ದು ಹಚ್ಚಲು ಅಲ್ಲಿ ಪ್ರಾಣಿಯೇ ಇಲ್ಲ. ಮಕ್ಕಳು ಈ ಮಂತ್ರಕ್ಕೆ ಆಸೆಪಡುವುದೇ ಜೊತೆಗೊಂದು ಜೀವ ಬೇಕೆಂದು. ಅದನ್ನೇ ತೆಗೆದುಬಿಟ್ಟರೆ ಉಳಿಯುವುದು ಬರೀ ಲೆಕ್ಕ.

ಹಾಗಾಗಿ ನಮ್ಮ ಮನೆಯ ಆಟಕ್ಕೆ ನಮ್ಮದೇ ನಿಯಮ ಬರೆದುಕೊಂಡಿದ್ದೇವೆ. ಕರೆದರೆ ಬರುವುದು ಒಂದೇ ಪ್ರಾಣಿ, ಸರದಿ ಕರೆದವರ ಬೆನ್ನಿಗೇ. ಆದರೆ ಅದನ್ನು ಆಡುವವರು ಬೇರೆ. ಯಾರ ಪಾತ್ರ ಪ್ರಜ್ಞೆ ತಪ್ಪಿ ಬಿದ್ದು ಸುಮ್ಮನೆ ಕೂರಬೇಕಾಗಿದೆಯೋ ಅವರ ಕೈಗೆ ಪ್ರಾಣಿ ಹೋಗುತ್ತದೆ. ಎಲ್ಲರೂ ಎದ್ದಿದ್ದರೆ ಕಥೆ ನಡೆಸುವ ನಾನೇ ಆಡುತ್ತೇನೆ. ಪ್ರತಿ ಪ್ರಾಣಿಗೂ ಒಂದು ಅಭ್ಯಾಸ, ಒಂದು ಹೆದರಿಕೆ ಬರೆದಿಡಬೇಕು. ಸೀಳುನಾಯಿಗಳು ಶಿಳ್ಳೆ ಹಾಕಿ ಒಂದನ್ನೊಂದು ಕೂಗುತ್ತವೆ, ಹಿಂಡು ಬಿಟ್ಟು ಅವಕ್ಕೆ ಬಾಳಿಲ್ಲ. ನಮ್ಮ ಆಟದಲ್ಲಿ ಒಂಟಿಯಾಗಿ ಬಂದ ಸೀಳುನಾಯಿ ಕತ್ತಲಾದರೆ ಶಿಳ್ಳೆ ಹಾಕುತ್ತದೆ. ಅಡಗಿ ಕೂತವರ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಈಗ ಮಕ್ಕಳು ರಾತ್ರಿಯಾಗುವ ಮುಂಚೆ ಅದನ್ನು ಕಳಿಸಿಕೊಡಬೇಕೇ, ಜೊತೆಗೇ ಇಟ್ಟುಕೊಳ್ಳಬೇಕೇ ಎಂದು ವಾದಕ್ಕೆ ಕೂರುತ್ತಾರೆ. ಆ ವಾದ ಕೇಳುವುದೇ ನನಗೊಂದು ಸುಖ. ಅರ್ಧಕ್ಕಿಂತ ಹೆಚ್ಚು ಗಾಯವಾದರೆ ನಿಂತೀತೋ ಓಡೀತೋ ಎಂದು ದಾಳ ಕೇಳುತ್ತೇವೆ. ಸಕ್ರೆಬೈಲಿನಲ್ಲಿ ಬೆಳಗಿನ ಹೊತ್ತು ಆನೆಗಳನ್ನು ನೀರಿಗಿಳಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾವುತ ಕಾಲಲ್ಲಿ ಒತ್ತಿ ಹೇಳಿದ ಮೇಲೂ ಆನೆ ಒಂದು ಗಳಿಗೆ ತಡೆದು ನಿಂತು, ಆಮೇಲೆ ಮಗ್ಗುಲಾಗುತ್ತದೆ.

ಮಾಂತ್ರಿಕರ ಒಡನಾಡಿ ಪ್ರಾಣಿಯ ಬಗ್ಗೆಯೂ ಒಂದು ಮಾತು. ಇದ್ದಿಲು, ಧೂಪ, ಗಿಡಮೂಲಿಕೆಗಳನ್ನು ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಸುಟ್ಟು, ಗಂಟೆ ಹೊತ್ತು ಮಂತ್ರ ಹೇಳಿದರೆ ಗೂಬೆಯೋ ಬೆಕ್ಕೋ ಕಪ್ಪೆಯೋ ಬರುತ್ತದೆ. ಅದು ಯಾರ ಮೇಲೂ ದಾಳಿ ಮಾಡುವಂತಿಲ್ಲ. ಅದರ ಕಣ್ಣಿಂದ ನೋಡಬಹುದು, ಕಿವಿಯಿಂದ ಕೇಳಬಹುದು. ಬಹಳ ಚೆಂದದ ಕಲ್ಪನೆ. ಗೂಬೆ ಮನೆಗೆ ಅಪಶಕುನ ಎಂದು ಅಜ್ಜಿ ಗದರಿದರೂ ನನ್ನ ಮಗಳು ಗೂಬೆಯನ್ನೇ ಆರಿಸಿದಳು. ಆದರೆ ಸತ್ತರೆ ಮಾಯವಾಗುತ್ತದೆ, ಮತ್ತೆ ಕರೆದರೆ ಬರುತ್ತದೆ ಎಂದು ನಿಯಮ ಹೇಳುವುದರಿಂದ, ಬಲೆ ಇದೆಯೇ ನೋಡಲು ಮೊದಲು ಅದನ್ನೇ ಸಾಯಲು ಕಳಿಸುವ ಅಭ್ಯಾಸ ಮಕ್ಕಳಲ್ಲಿ ಬೇಗ ಬೆಳೆಯುತ್ತದೆ. ನಮ್ಮಲ್ಲಿ ಮರಳಿ ಬಂದ ಪ್ರಾಣಿಗೆ ಹಿಂದಿನ ಸಾವಿನ ನೆನಪಿರುತ್ತದೆ. ಅದೇ ಬಾಗಿಲಿಗೆ ಎರಡನೇ ಸಲ ಅದು ಹೋಗುವುದಿಲ್ಲ.

ಈ ನಿಯಮಗಳನ್ನು ಎರಡು ಪುಟದಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಅನುವಾದ ಮಾಡುವವರು, ಪಂಚಾಯಿತಿ ಗ್ರಂಥಾಲಯಗಳಲ್ಲಿ ಈ ಆಟ ಆಡಿಸಲು ಮನಸ್ಸಿರುವವರು ಕೇಳಿದರೆ ಸಂತೋಷದಿಂದ ಕೊಡುತ್ತೇನೆ. ನಿಮ್ಮ ಮಕ್ಕಳ ಪುಟದಲ್ಲಿ ಜಾಗ ಸಿಕ್ಕರೆ ಸಂಪಾದಕರಿಗೂ ಕಳಿಸುತ್ತೇನೆ.

– ಜೀವಶಾಸ್ತ್ರ ಉಪನ್ಯಾಸಕಿ, ತೀರ್ಥಹಳ್ಳಿ