ರಾಶಿಗೆ ಎಷ್ಟು ಚೀಲ?

ಗಂಗಾವತಿ

ಅವ್ವಾ,

ಶಂಕುವಿನ (ಕೋನ್) ಘನಫಲದ ಲೆಕ್ಕದಲ್ಲಿ ಮಾರ್ಕ್ಸ್ ಹೋಯಿತು ಅಂತ ಹಾಸ್ಟೆಲಿಂದ ಫೋನ್ ಮಾಡಿ ಅತ್ತಿದ್ದೀಯಂತೆ. ಮೂರರಿಂದ ಭಾಗಿಸೋದು ಮರೆತೆ, ಅಷ್ಟೇ ಅಲ್ವಾ? ನಿನಗಿಂತ ಮೊದಲೇ ನಾನು ಅದನ್ನ ಮರೆತವನು. ನನಗೆ ಹೋಗಿದ್ದು ದುಡ್ಡು.

ನೀನಿನ್ನೂ ಹುಟ್ಟಿರಲಿಲ್ಲ. ಕಣದಲ್ಲಿ ನೆಲ್ಲಿನ ರಾಶಿ ಬಿದ್ದಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಗರ್ವ ನನಗೆ. ಬುಡಕ್ಕೆ ಹಗ್ಗ ಸುತ್ತಿದೆ, 12 ಮೀಟರ್. ನಡುವೆ ಕೋಲು ಇಳಿಸಿದೆ, 1.2 ಮೀಟರ್. ತ್ರಿಜ್ಯ 1.91. ಪೈ ಆರ್ ಸ್ಕ್ವೇರ್ ಎಚ್ ಹಾಕಿದೆ. ಸುಮಾರು 13.75 ಘನ ಮೀಟರ್ ಬಂತು. ಘನ ಮೀಟರಿಗೆ ಹೆಚ್ಚೂಕಡಿಮೆ 580 ಕೆಜಿ ನೆಲ್ಲು, ಚೀಲಕ್ಕೆ 75 ಕೆಜಿ. 106 ಚೀಲ ತಂದುಬಿಟ್ಟೆ!

ಹಮಾಲಿ ಮಾಡುವ ತಾತ ರಾಶಿಯ ಸುತ್ತ ಒಂದು ಸುತ್ತು ಬಂದು, "ಮೂವತ್ತೈದು ಆದ್ರೆ ಜಾಸ್ತಿ" ಅಂದ. ನಾನು ನಕ್ಕೆ. ಮೂವತ್ತಾರನೇ ಚೀಲ ಅರ್ಧಕ್ಕೇ ನಿಂತಿತು. ಉಳಿದ ಚೀಲ ಬಿಚ್ಚಿ ನಿಮ್ಮಮ್ಮ ತಟ್ಟು ಹೊಲಿದಳು. ನೀನು ಅಂಬೆಗಾಲಿಟ್ಟಿದ್ದು ಅದರ ಮೇಲೇ.

ನಾನು ಲೆಕ್ಕ ಹಾಕಿದ್ದು ರಾಶಿಗಲ್ಲ, ಅಷ್ಟೇ ಬುಡ, ಅಷ್ಟೇ ಎತ್ತರದ ಡ್ರಮ್ಮಿಗೆ. ಬೇಕಾದರೆ ಒಂದು ನೆಟ್ಟಗಿನ ಡಬ್ಬಿ ತಗೋ. ಅದೇ ಬಾಯಿ, ಅದೇ ಎತ್ತರ ಬರುವ ಹಾಗೆ ಶಂಕುವಿನ ಆಕಾರದ ರಟ್ಟಿನ ಪೊಟ್ಟಣ ಸುತ್ತು. ಜೋಳ ತುಂಬಿ ಸುರಿ. ಮೂರನೇ ಸಲಕ್ಕೆ ಡಬ್ಬಿ ತುಂಬುತ್ತದೆ. ಅದಕ್ಕೇ ಮೂರರಿಂದ ಭಾಗಿಸೋದು.

ಕ್ರಿ.ಶ. 1150ರಷ್ಟು ಹಿಂದೆಯೇ ಭಾಸ್ಕರಾಚಾರ್ಯರು 'ಲೀಲಾವತಿ' ಅನ್ನೋ ಗಣಿತದ ಪುಸ್ತಕದಲ್ಲಿ ಕಾಳಿನ ರಾಶಿಗೇ ಅಂತ ಸೂತ್ರ ಬರೆದಿದ್ದಾರೆ. ಸುತ್ತಳತೆಯನ್ನು ಆರರಿಂದ ಭಾಗಿಸು, ಬಂದದ್ದನ್ನು ವರ್ಗ ಮಾಡು, ಎತ್ತರದಿಂದ ಗುಣಿಸು. ತ್ರಿಜ್ಯದ ಗೊಡವೆಯೇ ಇಲ್ಲ. ನನ್ನ ರಾಶಿಗೆ 4.8 ಘನ ಮೀಟರ್ ಬರುತ್ತದೆ. ಸರಿಯಾದ ಲೆಕ್ಕ 4.58. ಪೈಯನ್ನು ಸುಮ್ನೆ 3 ಅಂತ ಹಿಡಿದಿದ್ದಕ್ಕೆ ಸ್ವಲ್ಪ ಜಾಸ್ತಿ. ಎರಡು ಚೀಲ ಮಿಕ್ಕರೆ ಮಿಕ್ಕಲಿ, ನನ್ನ ಹಾಗೆ ಎಪ್ಪತ್ತು ಮಿಗುವುದಿಲ್ಲ. ಗೋಡೆಗೆ ಒರಗಿದ ರಾಶಿಗೂ ಅದರಲ್ಲಿ ದಾರಿ ಇದೆ. ಹಗ್ಗದ ಅಳತೆ ಎರಡರಷ್ಟು ಮಾಡಿ ಲೆಕ್ಕ ಹಾಕು, ಬಂದದ್ದರಲ್ಲಿ ಅರ್ಧ ತಗೋ.

ಈ ಸಲ ಮೋಡ ನೋಡಿ ಹೆದರಿ ರಾಶಿಯನ್ನು ಗೋಡೆಗೇ ಒರಗಿಸಿ ಹಾಕಿಸಿದ್ದೇನೆ. ಹಗ್ಗ 7 ಮೀಟರ್, ಎತ್ತರ 1.4. ಪತ್ರ ಕೈ ಸೇರಿದ ದಿನವೇ ಫೋನ್ ಮಾಡು. ಚೀಲ ತರಬೇಕು.

ನಿಮ್ಮಪ್ಪ