ಇಂಧನ ಸಚಿವರಿಗೆ ಬಹಿರಂಗ ಪತ್ರ: ವಾಟ್ ಬಿಡಿ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಕೇಳಿ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ಮನೆ ತಾರಸಿ ಮೇಲೆ, ಹಿತ್ತಲಲ್ಲಿ ನಿಲ್ಲಿಸುವ ಸಣ್ಣ ಗಾಳಿಯಂತ್ರಗಳ ಬಗ್ಗೆ ಈ ಪತ್ರ. ಕೇಳಬೇಕಾದ್ದು ಒಂದೇ. ಇವುಗಳ ಮಾರಾಟಕ್ಕೆ ಒಪ್ಪಿಗೆ ಕೊಡುವಾಗಲಾಗಲಿ, ಸಹಾಯಧನ ಕೊಡುವಾಗಲಾಗಲಿ, ಪೆಟ್ಟಿಗೆ ಮೇಲೆ ಅಚ್ಚು ಹಾಕಿರುವ ವಾಟ್ ಸಂಖ್ಯೆಯನ್ನು ನೋಡಿ ತೀರ್ಮಾನ ಮಾಡಬೇಡಿ. ಮನೆಯವರಿಗೆ ಎಷ್ಟು ಕರೆಂಟ್ ಸಿಗುತ್ತದೆ ಅನ್ನೋದನ್ನು ಆ ಸಂಖ್ಯೆ ಹೇಳುವುದೇ ಇಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ, ಅಷ್ಟೇ. ಮಾರುವವರು ವಾಟ್ ಸಂಖ್ಯೆ ಕೊಡುವುದು ಸಾಮಾನ್ಯವಾಗಿ ಸೆಕೆಂಡಿಗೆ 11–12 ಮೀಟರ್ ಗಾಳಿಗೆ, ಕೆಲವರು ಇನ್ನೂ ಜಾಸ್ತಿ ವೇಗಕ್ಕೆ. 12 ಮೀಟರ್ ಅಂದರೆ ಗಂಟೆಗೆ 43 ಕಿಲೋಮೀಟರ್, ಕೊಡೆ ಹಿಡಿದು ನಡೆಯೋಕೆ ಕಷ್ಟವಾಗುವಂಥ ಗಾಳಿ. ಮನೆಗಳು, ಮರಗಳು ಇರುವ ಕಡೆ ಅಂಥ ಗಾಳಿ ವರ್ಷದಲ್ಲಿ ಎಷ್ಟು ಹೊತ್ತು ಬೀಸುತ್ತದೆ, ನೀವೇ ಹೇಳಿ.

ಒಂದು ಲೆಕ್ಕ ತೋರಿಸುತ್ತೇನೆ, ಇದಕ್ಕೆ ಎಂಜಿನಿಯರೇ ಬೇಕು ಅಂತಿಲ್ಲ. ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 1 ಮೀಟರ್ ಇರುವ ಯಂತ್ರ ತೆಗೆದುಕೊಳ್ಳಿ. ಆ ವೃತ್ತದ ವಿಸ್ತೀರ್ಣ ಸುಮಾರು 0.785 ಚದರ ಮೀಟರ್. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.225 ಕೆ.ಜಿ. ಈ ವೃತ್ತದೊಳಗೆ 12 ಮೀಟರ್ ವೇಗದಲ್ಲಿ ನುಗ್ಗುವ ಗಾಳಿಯಲ್ಲಿ ಇರುವ ಒಟ್ಟು ಶಕ್ತಿಯೇ ಹೆಚ್ಚುಕಡಿಮೆ 830 ವಾಟ್. ಅದನ್ನಷ್ಟೂ ಹಿಡಿಯೋಕೂ ಆಗುವುದಿಲ್ಲ, ಯಾಕೆಂದರೆ ಗಾಳಿ ಪೂರ್ತಿ ನಿಂತುಬಿಟ್ಟರೆ ಹಿಂದಿನಿಂದ ಬರುವ ಗಾಳಿಗೆ ಜಾಗವೇ ಇರುವುದಿಲ್ಲ. ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಜ್ ಸುಮಾರು ನೂರು ವರ್ಷದ ಹಿಂದೆಯೇ ಇದರ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: ಶೇ. 59.3. ಅಂದರೆ ಎಂಥಾ ಯಂತ್ರ ಕಟ್ಟಿದರೂ ಸುಮಾರು 490 ವಾಟ್‌ಗಿಂತ ಹೆಚ್ಚು ಸಿಗುವುದಿಲ್ಲ. ಒಳ್ಳೆಯ ಸಣ್ಣ ಯಂತ್ರಗಳು ಕೊಡುವುದು ಶೇ. 30ರ ಆಸುಪಾಸು, ಅಂದರೆ 250 ವಾಟ್. ಇಷ್ಟು ಗಾತ್ರದ ಯಂತ್ರಕ್ಕೆ 12 ಮೀಟರ್ ಗಾಳಿಯಲ್ಲಿ 1,000 ವಾಟ್ ಅಂತ ಯಾರಾದರೂ ಬರೆದರೆ, ಅವರು ಗಾಳಿಯಲ್ಲಿ ಇರುವುದಕ್ಕಿಂತ ಜಾಸ್ತಿ ಮಾರುತ್ತಿದ್ದಾರೆ ಅಂತಲೇ ಅರ್ಥ. ಇನ್ನು ಅದೇ ಯಂತ್ರಕ್ಕೆ 4 ಮೀಟರ್ ಗಾಳಿ ಬಂದಾಗ? ಗಾಳಿಯಲ್ಲಿ ಇರುವುದೇ 31 ವಾಟ್, ಕೈಗೆ ಸಿಗುವುದು ಒಂಬತ್ತು. ಒಂದು ಎಲ್‌ಇಡಿ ಬಲ್ಬು ಉರಿಯುವಷ್ಟು.

ಕೆಲವರು ಬೇಕಂತಲೇ ಸುಳ್ಳು ಹೇಳುತ್ತಾರೆ, ನಿಜ. ಆದರೆ ಅಳೆಯುವ ರೀತಿಯೇ ತಪ್ಪಾಗಿ ಹುಟ್ಟುವ ಸಂಖ್ಯೆಗಳೂ ಬೇಕಾದಷ್ಟಿವೆ. ನನಗೆ ಹೆಚ್ಚು ಬೇಜಾರು ತರಿಸುವುದು ಮಲ್ಟಿಮೀಟರ್ ಹಿಡಿದು ಮಾಡುವ ಈ ಪರೀಕ್ಷೆ. ಜನರೇಟರಿಗೆ ಏನನ್ನೂ ಜೋಡಿಸದೆ ರೆಕ್ಕೆ ತಿರುಗಿಸಿ ವೋಲ್ಟೇಜ್ ನೋಡುತ್ತಾರೆ, 60 ವೋಲ್ಟ್ ಅಂದುಕೊಳ್ಳಿ. ಆಮೇಲೆ ಎರಡೂ ತಂತಿಯನ್ನು ನೇರವಾಗಿ ಮೀಟರಿನಲ್ಲಿ ಶಾರ್ಟ್ ಮಾಡಿ ಆಂಪಿಯರ್ ನೋಡುತ್ತಾರೆ, 10 ಬಂತು. ಎರಡನ್ನೂ ಗುಣಿಸಿ, 600 ವಾಟ್ ಬಂತು ಅಂತ ವಿಡಿಯೊ ಹಾಕುತ್ತಾರೆ. ಮೊದಲನೇ ಸಲ ಕರೆಂಟ್ ಹರಿದೇ ಇಲ್ಲ, ಎರಡನೇ ಸಲ ವೋಲ್ಟೇಜೇ ಇಲ್ಲ. ಎರಡು ಸಲವೂ ಹೊರಗೆ ಬಂದ ವಿದ್ಯುತ್ ಸೊನ್ನೆ! ಸರಿಯಾದ ಲೋಡ್, ಅಂದರೆ ಕರೆಂಟ್ ಬಳಸುವ ಉಪಕರಣ, ಜೋಡಿಸಿ ಅದೇ ವೇಗದಲ್ಲಿ ತಿರುಗಿಸಿದರೂ ಹೆಚ್ಚೆಂದರೆ ಆ ಗುಣಲಬ್ಧದ ಕಾಲು ಭಾಗ ಸಿಗಬಹುದು, 150 ವಾಟ್, ಅದೂ ಅಷ್ಟೇ ಶಕ್ತಿ ಜನರೇಟರಿನ ಒಳಗೇ ಬಿಸಿಯಾಗಿ ಹೋಗುವಾಗ. ಲೋಡ್ ಬಿದ್ದ ಕೂಡಲೇ ರೆಕ್ಕೆಯ ವೇಗ ತಗ್ಗುತ್ತದೆ, ಅದನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜೋರು ಗಾಳಿ ಬೀಸಿದ ಒಂದು ಕ್ಷಣ ಮೀಟರಿನ ಫೋಟೊ ತೆಗೆದು ತೋರಿಸುವುದೂ ಇದೇ ಜಾತಿಗೆ ಸೇರಿದ್ದು. ಗಾಳಿ ಏರುತ್ತದೆ, ಇಳಿಯುತ್ತದೆ, ರೆಕ್ಕೆಗಳಿಗೆ ತಮ್ಮದೇ ತೂಕ ಇರೋದರಿಂದ ಗಾಳಿ ಇಳಿದ ಮೇಲೂ ಕೊಂಚ ಹೊತ್ತು ಅದೇ ಓಟದಲ್ಲಿ ತಿರುಗುತ್ತವೆ, ವಾಟ್ ಮುಳ್ಳು ಒಂದು ಕ್ಷಣ ಎಲ್ಲಿಗೆ ಹೋಯಿತು ಅನ್ನೋದರಿಂದ ಏನೂ ತಿಳಿಯುವುದಿಲ್ಲ. ಸರಿಯಾದ ಕ್ರಮ ಇದೆ, ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಐಇಸಿ 61400-12-1 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಯಂತ್ರದಿಂದ ವ್ಯಾಸದ ಎರಡರಿಂದ ನಾಲ್ಕು ಪಟ್ಟು ದೂರದಲ್ಲಿ ಗಾಳಿ ಅಳೆಯುವ ಸಾಧನ ನಿಲ್ಲಿಸಬೇಕು. ಸಣ್ಣ ಯಂತ್ರವಾದರೆ ಒಂದೊಂದು ನಿಮಿಷದ ಸರಾಸರಿ ತೆಗೆದು, ಗಾಳಿಯ ವೇಗವನ್ನು ಅರ್ಧರ್ಧ ಮೀಟರಿನ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಎಷ್ಟು ವಾಟ್ ಬಂತು ಅಂತ ಬರೆಯಬೇಕು. ಅಮೆರಿಕದ ಗಾಳಿ ವಿದ್ಯುತ್ ಸಂಘ 2009ರಲ್ಲೇ ಇನ್ನೊಂದು ಕಟ್ಟುಪಾಡು ತಂದಿತು: ವಾಟ್ ಹೇಳುವುದಾದರೆ ಎಲ್ಲರೂ 11 ಮೀಟರ್ ವೇಗಕ್ಕೇ ಹೇಳಿ, ಜೊತೆಗೆ ಸರಾಸರಿ 5 ಮೀಟರ್ ಗಾಳಿಯಿರುವ ಜಾಗದಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ ಅನ್ನೋದನ್ನೂ ಹೇಳಿ ಅಂತ.

ಪರೀಕ್ಷೆ ಮಾಡಿದ ಕಡೆ ಏನಾಯಿತು ಅಂತಲೂ ಹೇಳಬೇಕು. ಬ್ರಿಟನ್‌ನಲ್ಲಿ 2007–08ರಲ್ಲಿ ವಾರ್ವಿಕ್ ವಿಂಡ್ ಟ್ರಯಲ್ಸ್ ಹೆಸರಿನಲ್ಲಿ ಕಟ್ಟಡಗಳ ಮೇಲೆ ಹಾಕಿದ 26 ಯಂತ್ರಗಳನ್ನು ಅಳೆದರು. ಕೆಟ್ಟು ನಿಂತ, ಆಫ್ ಮಾಡಿದ ಹೊತ್ತನ್ನೂ ಸೇರಿಸಿದರೆ ದಿನಕ್ಕೆ ಸರಾಸರಿ 214 ವಾಟ್-ಅವರ್, ಕಾಲು ಯೂನಿಟ್ಟೂ ಇಲ್ಲ. ಓಡುತ್ತಿದ್ದ ಹೊತ್ತನ್ನು ಮಾತ್ರ ಹಿಡಿದರೂ 628. ಯಂತ್ರದ ಜೊತೆಗಿನ ಎಲೆಕ್ಟ್ರಾನಿಕ್ಸ್ ತಾನೇ ದಿನಕ್ಕೆ ಸುಮಾರು 80 ವಾಟ್-ಅವರ್ ತಿನ್ನುತ್ತಿತ್ತು! ನೆದರ್‌ಲ್ಯಾಂಡ್ಸ್‌ನ ಜೀಲ್ಯಾಂಡ್‌ನಲ್ಲಿ 2008–09ರಲ್ಲಿ ಹಲವು ಯಂತ್ರಗಳನ್ನು ಒಂದೇ ಬಯಲಿನಲ್ಲಿ ನಿಲ್ಲಿಸಿದರು, ಸರಾಸರಿ ಗಾಳಿ 3.8 ಮೀಟರ್. ವರ್ಷ ಕಳೆದಾಗ 1 ಮೀಟರ್ ವ್ಯಾಸದ್ದು ಕೊಟ್ಟಿದ್ದು 73 ಯೂನಿಟ್. 5 ಮೀಟರ್ ವ್ಯಾಸದ್ದು 2,691 ಯೂನಿಟ್. ಸಣ್ಣ ಯಂತ್ರಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ, ಈ ಎರಡನೇ ಸಂಖ್ಯೆಯನ್ನು ನೋಡಿ. ಒಳ್ಳೆಯ ಯಂತ್ರ ಕಟ್ಟುವವರು ಇದ್ದಾರೆ. ಈಗಿನ ಪದ್ಧತಿಯಿಂದ ಮೊದಲು ಹೊಡೆತ ಬೀಳುವುದು ಅವರಿಗೇ, ಯಾಕೆಂದರೆ ನಿಜ ಸಂಖ್ಯೆ ಬರೆದವರ ಯಂತ್ರ ಪಕ್ಕದ ಸುಳ್ಳು ಸಂಖ್ಯೆಯ ಮುಂದೆ ಸಪ್ಪೆಯಾಗಿ ಕಾಣುತ್ತದೆ, ಅಲ್ವಾ?

ಹಾಗಾಗಿ ನಿಮ್ಮ ಇಲಾಖೆಯ ಅರ್ಜಿ ನಮೂನೆಯನ್ನೇ ಬದಲಾಯಿಸಿ. ಎಷ್ಟು ಕಿಲೋವಾಟ್ ಅನ್ನೋ ಕಾಲಂ ತೆಗೆದು ರೆಕ್ಕೆಯ ವ್ಯಾಸ ಎಷ್ಟು ಅಂತ ಕೇಳಿ. ಸರಾಸರಿ 4 ಮತ್ತು 5 ಮೀಟರ್ ಗಾಳಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್, ಅದನ್ನು ಅಳೆದವರು ಯಾರು ಅಂತ ಕೇಳಿ. ಅಳೆದವರು ಮಾರುವವರೇ ಆಗಿರಬಾರದು. ಅಳತೆ ಇನ್ವರ್ಟರ್ (ಯಂತ್ರದ ಕರೆಂಟನ್ನು ಮನೆಗೆ ಹೊಂದುವಂತೆ ಬದಲಾಯಿಸುವ ಸಾಧನ) ದಾಟಿದ ಮೇಲಿನದ್ದಾಗಿರಬೇಕು, ಜನರೇಟರಿನ ಬಾಯಲ್ಲಿ ಅಳೆದದ್ದು ಬೇಡ, ದಾರಿಯಲ್ಲಿ ಸೋರಿಹೋಗಿದ್ದು ಅದರಲ್ಲಿ ಕಾಣುವುದಿಲ್ಲ. ಸಹಾಯಧನವನ್ನು ಯಂತ್ರ ತಂದು ನಿಲ್ಲಿಸಿದ ದಿನವೇ ಪೂರ್ತಿ ಕೊಟ್ಟುಬಿಡಬೇಡಿ. ಒಂದು ಪಾಲನ್ನು ಮೊದಲ ವರ್ಷದ ಮೀಟರ್ ರೀಡಿಂಗ್ ನೋಡಿ ಕೊಡಿ, ಆ ರೀಡಿಂಗ್ ಎಲ್ಲರಿಗೂ ಕಾಣುವಂತೆ ಹಾಕಿ. ಯಾವ ಯಂತ್ರ ಎಂಥಾ ಜಾಗದಲ್ಲಿ ಎಷ್ಟು ಕೊಟ್ಟಿತು ಅಂತ ಕೊಳ್ಳುವವರು ತಾವೇ ನೋಡಿಕೊಳ್ಳುತ್ತಾರೆ.

ಜಾಗದ ಬಗ್ಗೆಯೂ ಒಂದು ಸಾಲು ಸೇರಿಸಿ. ಸುತ್ತ 150 ಮೀಟರ್ ಒಳಗೆ ಇರುವ ಮರ, ಕಟ್ಟಡಗಳಿಗಿಂತ ರೆಕ್ಕೆಗಳು ಕನಿಷ್ಠ 9 ಮೀಟರ್ ಮೇಲಿರಬೇಕು ಅನ್ನೋದು ಈ ಕೆಲಸದಲ್ಲಿ ಪಳಗಿದವರು ಹಿಂದಿನಿಂದ ಹೇಳಿಕೊಂಡು ಬಂದಿರುವ ಲೆಕ್ಕ. ಗಿಡ್ಡ ಕಂಬಕ್ಕೆ ಅನುಮತಿ ಕೊಟ್ಟು ಯೂನಿಟ್ ಬರಲಿಲ್ಲ ಅಂದರೆ ಆ ತಪ್ಪು ಯಂತ್ರದ್ದಲ್ಲ.

ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕು ಅಂತ ನನಗನ್ನಿಸುವುದಿಲ್ಲ. ಮುಂದಿನ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲು ಆ ಕಾಲಂಗಳನ್ನು ಬದಲಾಯಿಸಿ, ಏನು ತೀರ್ಮಾನ ಮಾಡಿದಿರಿ ಅನ್ನೋದನ್ನು ನೀವೂ ಹೀಗೇ ಬಹಿರಂಗವಾಗಿ ತಿಳಿಸಿ.

ಇಂತಿ,
ಗಾಳಿಯಂತ್ರಗಳನ್ನು ಇಷ್ಟಪಡುವ ಒಬ್ಬ ಬಳಕೆದಾರ